ಓಬದ್ಯನ ಪ್ರವಾದನೆಯ ಎದೋಮ್ ಇಂದಿನ ಯಾವ ದೇಶ? ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಈಗ ಓಬದ್ಯನ ಪುಸ್ತಕವನ್ನು ಓದುತ್ತಿದ್ದೇವೆ. ಯುವಕರೊಬ್ಬರು ಯೂಟ್ಯೂಬಿನಲ್ಲಿ ಪ್ರಸಂಗ ಕೇಳಿ ಬಂದು, ಎದೋಮ್ ಎಂದರೆ ಈಗಿನ ಇಂಥದ್ದೇ ದೇಶ, ಅದರ ನಾಶ ಇನ್ನು ಮುಂದೆ ಆಗಲಿದೆ ಎಂದು ವಾದಿಸುತ್ತಾರೆ. ಹಿರಿಯರು ಕೆಲವರು, ಅದು ಎಂದೋ ಮುಗಿದುಹೋದ ವಿಷಯ, ನಮಗೂ ಅದಕ್ಕೂ ಏನು ಸಂಬಂಧ ಎನ್ನುತ್ತಾರೆ. ‘ಏಸಾವನನ್ನು ದ್ವೇಷಿಸಿದೆನು’ ಎಂಬ ಮಾತು ಬಂದಾಗ ದೇವರು ಒಂದು ಜನಾಂಗವನ್ನೇ ದ್ವೇಷಿಸುವುದುಂಟೇ ಎಂಬ ಪ್ರಶ್ನೆಯೂ ಎದ್ದಿತು. ಈ ಪುಸ್ತಕವನ್ನು ನಾವು ಹೇಗೆ ಓದಬೇಕು?

ಉತ್ತರ: ನಿಮ್ಮ ಗುಂಪಿನ ಎರಡು ಪಕ್ಷದವರ ಮಾತನ್ನೂ ನಾನು ಒಪ್ಪಲಾರೆ. ಎದೋಮ್ ಇಂದಿನ ಯಾವ ದೇಶವೂ ಅಲ್ಲ. ಹಾಗೆಂದು ಓಬದ್ಯನ ಮಾತು ಮುಗಿದುಹೋದ ವಿಷಯವೂ ಅಲ್ಲ. ಆ ಜನಾಂಗವು ಚರಿತ್ರೆಯಿಂದ ಮರೆಯಾಗಿ ಹತ್ತೊಂಬತ್ತು ಶತಮಾನಗಳು ಕಳೆದಿವೆ. ಆದರೆ ಪ್ರವಾದಿಯು ಅವರ ಮೇಲೆ ಹೊರಿಸಿದ ಆಪಾದನೆ, ಅಂದರೆ ಸಹೋದರನಿಗೆ ಆಪತ್ತು ಬಂದ ದಿನ ಅವರು ನಡೆದುಕೊಂಡ ರೀತಿ, ಇವತ್ತಿಗೂ ಯಾವುದೇ ಸಭೆಯ ಮೇಲೆ, ಯಾವುದೇ ಮನೆತನದ ಮೇಲೆ ಹೊರಿಸಬಹುದಾದದ್ದು. ಎದೋಮ್ ಯಾರೆಂದು ಭೂಪಟದಲ್ಲಿ ಹುಡುಕುವವರು ಈ ಆಪಾದನೆಯನ್ನು ಬೇರೊಬ್ಬರ ತಲೆಗೆ ಕಟ್ಟಿ ತಾವು ತಪ್ಪಿಸಿಕೊಳ್ಳುತ್ತಾರೆ ಎಂಬುದೇ ನನಗಿರುವ ಮುಖ್ಯವಾದ ಕಳವಳ.

ಮೊದಲು ಆ ಜನರು ಯಾರೆಂದು ನೋಡೋಣ. ಮೃತ ಸಮುದ್ರದ ದಕ್ಷಿಣಕ್ಕೆ, ಇಂದಿನ ಜೋರ್ಡಾನ್ ದೇಶದ ದಕ್ಷಿಣ ಭಾಗದಲ್ಲಿ, ಜೆರೆದ್ ಹಳ್ಳದಿಂದ ಅಕಬಾ ಕೊಲ್ಲಿಯ ಕಡೆಗೆ ಚಾಚಿರುವ ಬೆಟ್ಟಸೀಮೆಯೇ ಎದೋಮ್. ಸತ್ಯವೇದವು ಇದನ್ನು ಸೇಯೀರ್ ಎಂದೂ ಕರೆಯುತ್ತದೆ. ಕೆಂಪು ಮರಳುಗಲ್ಲಿನ ಕಡಿದಾದ ಬಂಡೆಗಳು, ಅಲ್ಲಲ್ಲಿ ಒಂದೂವರೆ ಸಾವಿರ ಮೀಟರಿಗೂ ಮೀರಿದ ಶಿಖರಗಳು, ಪಶ್ಚಿಮದ ತಪ್ಪಲಿನ ಫೈನಾನ್ ಪ್ರದೇಶದಲ್ಲಿ ತಾಮ್ರದ ಗಣಿಗಳು, ಬೆಟ್ಟದ ಮೇಲುಭಾಗದಲ್ಲಿ ಅರೇಬಿಯದಿಂದ ದಮಸ್ಕದತ್ತ ಸಾಗುವ ರಾಜಮಾರ್ಗ ಇವು ಅದರ ಸಂಪತ್ತು. ಬೊಚ್ರ ಅದರ ಮುಖ್ಯ ಪಟ್ಟಣ. ಇಂದಿನ ಬುಸೇರಾ ಎಂಬ ಹಳ್ಳಿಯೇ ಅದು. ಎದೋಮ್ಯರು ಇಸ್ರಾಯೇಲರ ಮೂಲಪುರುಷನಾದ ಯಾಕೋಬನ ಅಣ್ಣ ಏಸಾವನ ಸಂತತಿಯವರೆಂದು ಆದಿಕಾಂಡದ 36ನೆಯ ಅಧ್ಯಾಯವು ವಂಶಾವಳಿಯ ಸಮೇತ ಹೇಳುತ್ತದೆ. ಆದ್ದರಿಂದ ಇಸ್ರಾಯೇಲರಿಗೆ ಫಿಲಿಷ್ಟಿಯರು ಹೊರಗಿನವರಾದರೆ, ಎದೋಮ್ಯರು ಒಂದೇ ಗರ್ಭದಿಂದ ಹೊರಟ ದಾಯಾದಿಗಳು.

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ನಮ್ಮ ಗಾದೆಯನ್ನು ಬಲ್ಲವರಿಗೆ ಈ ಎರಡು ಜನಾಂಗಗಳ ಚರಿತ್ರೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಿಚಿತ್ರವೆಂದರೆ, ಮೂಲಪುರುಷರು ರಾಜಿಯಾಗಿದ್ದರು. ಮೋಸಹೋದ ಏಸಾವನು ಇಪ್ಪತ್ತು ವರ್ಷಗಳ ಮೇಲೆ ತಮ್ಮನನ್ನು ಕಂಡಾಗ ಓಡಿಬಂದು, ಕೊರಳನ್ನು ಅಪ್ಪಿಕೊಂಡು ಅತ್ತನು. ತಂದೆಯಾದ ಇಸಾಕನನ್ನು ಇಬ್ಬರೂ ಜೊತೆಯಾಗಿ ಸಮಾಧಿಮಾಡಿದರು. ಕಲಹವು ಮಕ್ಕಳ ಮಕ್ಕಳಿಗೆ ಬಂದದ್ದು. ಐಗುಪ್ತದಿಂದ ಬಂದ ಇಸ್ರಾಯೇಲರು ರಾಜಮಾರ್ಗದಲ್ಲಿ ಹಾದುಹೋಗಲು ಅನುಮತಿ ಕೇಳಿದಾಗ, ನೀರು ಕುಡಿದರೆ ಹಣ ಕೊಡುತ್ತೇವೆಂದರೂ ಎದೋಮ್ಯರು ಕತ್ತಿಹಿಡಿದು ತಡೆದರು. ಮುಂದೆ ದಾವೀದನ ಕಾಲದಲ್ಲಿ ಯೋವಾಬನು ಆರು ತಿಂಗಳು ಎದೋಮಿನಲ್ಲಿದ್ದು ಗಂಡಸರನ್ನು ಕೊಲ್ಲಿಸಿದನೆಂದು ಅರಸುಗಳ ಪುಸ್ತಕವೇ ಬರೆದಿಟ್ಟಿದೆ. ಇಸ್ರಾಯೇಲರ ದಕ್ಷಿಣ ರಾಜ್ಯವಾದ ಯೆಹೂದದ ಅರಸ ಅಮಚ್ಯನ ದಂಡಿನವರು ಹತ್ತು ಸಾವಿರ ಮಂದಿ ಸೆರೆಯಾಳುಗಳನ್ನು ಬಂಡೆಯ ತುದಿಯಿಂದ ದೊಬ್ಬಿದರೆಂದು ಪೂರ್ವಕಾಲವೃತ್ತಾಂತವು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಓಬದ್ಯನನ್ನು ಓದುವ ಮೊದಲು ಈ ಭಾಗಗಳನ್ನು ಓದದೆ ಹೋದರೆ, ಎದೋಮ್ಯರು ಕಾರಣವಿಲ್ಲದೆ ಹಗೆಸಾಧಿಸಿದ ರಾಕ್ಷಸರೆಂಬ ತಪ್ಪು ಚಿತ್ರ ನಮ್ಮ ಮನಸ್ಸಿನಲ್ಲಿ ನಿಲ್ಲುತ್ತದೆ. ಅವರಿಗೂ ಹೇಳಿಕೊಳ್ಳಲು ಗಾಯಗಳಿದ್ದವು. ಅವರ ಹಗೆಗೆ ಕಾರಣಗಳಿದ್ದವೆಂದು ಒಪ್ಪಿಕೊಂಡ ಮೇಲೂ, ಆ ಕಾರಣಗಳು ಅವರ ನಡತೆಯನ್ನು ಸಮರ್ಥಿಸುವುದಿಲ್ಲ ಎಂಬಲ್ಲೇ ಪ್ರವಾದನೆಯ ತೀಕ್ಷ್ಣತೆ ಇರುವುದು.

ಈ ಪ್ರವಾದನೆಯ ಹಿನ್ನೆಲೆಯಲ್ಲಿರುವುದು ಯೆರೂಸಲೇಮಿನ ಪತನ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಸರಿ ಎನಿಸುತ್ತದೆ. ಅದಕ್ಕೆ ಕೆಲವೇ ವರ್ಷಗಳ ಹಿಂದೆ, ಚಿದ್ಕೀಯನ ಆಳಿಕೆಯಲ್ಲಿ, ಎದೋಮಿನ ದೂತರು ಮೋವಾಬ್, ಅಮ್ಮೋನ್, ತೂರ್, ಚೀದೋನ್‌ಗಳ ದೂತರೊಂದಿಗೆ ಯೆರೂಸಲೇಮಿಗೆ ಬಂದಿದ್ದರೆಂದು ಯೆರೆಮೀಯನ 27ನೆಯ ಅಧ್ಯಾಯದಿಂದ ತಿಳಿಯುತ್ತದೆ. ಬಾಬೆಲಿನ (ಬ್ಯಾಬಿಲೋನಿನ) ನೊಗವನ್ನು ಕಿತ್ತೊಗೆಯುವ ಮಾತುಕತೆ ಅದು. ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೈನ್ಯವು ನಿಜವಾಗಿ ಬಂದಾಗ ಯೆಹೂದವು ಒಂಟಿಯಾಯಿತು. ಕ್ರಿ.ಪೂ. 586ರಲ್ಲಿ (587 ಎನ್ನುವವರೂ ಉಂಟು) ಪಟ್ಟಣ ಬಿತ್ತು, ದೇವಾಲಯ ಸುಟ್ಟುಹೋಯಿತು. ಆ ದಿನ ಎದೋಮ್ಯರು ‘ಬುನಾದಿ ತನಕ ಕೆಡವಿರಿ’ ಎಂದು ಕೂಗಿದ್ದನ್ನು 137ನೆಯ ಕೀರ್ತನೆಯು ಮರೆಯಲಾರದೆ ನೆನೆಯುತ್ತದೆ. ಪ್ರಲಾಪಗಳ ನಾಲ್ಕನೆಯ ಅಧ್ಯಾಯವು ಎದೋಮಿನ ಕೈಗೂ ಅದೇ ಪಾತ್ರೆ ದಾಟಿಬರುವುದೆಂದು ಎಚ್ಚರಿಸುತ್ತದೆ.

ಓಬದ್ಯನ ಪುಸ್ತಕದಲ್ಲಿರುವುದು ಇಪ್ಪತ್ತೊಂದೇ ವಚನಗಳು. ಹಳೆಯ ಒಡಂಬಡಿಕೆಯಲ್ಲಿ ಇದಕ್ಕಿಂತ ಚಿಕ್ಕ ಪುಸ್ತಕವಿಲ್ಲ. ಅದರ ಹೃದಯಭಾಗವಾದ 11ರಿಂದ 14ರವರೆಗಿನ ವಚನಗಳನ್ನು ದಯವಿಟ್ಟು ನಿಧಾನವಾಗಿ, ಗಟ್ಟಿಯಾಗಿ ಓದಿಸಿ. ಆಪಾದನೆ ಶುರುವಾಗುವುದು ಕತ್ತಿಯಿಂದಲ್ಲ. ಪರದೇಶದವರು ಬಾಗಿಲುಗಳನ್ನು ಹೊಕ್ಕು ಯೆರೂಸಲೇಮಿಗಾಗಿ ಚೀಟು ಹಾಕಿದ ದಿನ ನೀನು ದೂರದಲ್ಲಿ ನಿಂತಿದ್ದೆ, ನೀನೂ ಅವರಲ್ಲಿ ಒಬ್ಬನಂತೆ ಆದೆ ಎನ್ನುತ್ತಾನೆ ಪ್ರವಾದಿ. ಅಂದರೆ ಕೈಕಟ್ಟಿ ನಿಂತವನನ್ನು ಕೊಳ್ಳೆಹೊಡೆದವನ ಲೆಕ್ಕಕ್ಕೇ ಸೇರಿಸುತ್ತಾನೆ. ಆಮೇಲೆ ‘ನೀನು ಹೀಗೆ ಮಾಡಬಾರದಾಗಿತ್ತು’ ಎಂಬ ಮಾತು ಎಂಟು ಸಲ ಬರುತ್ತದೆ. ತಮ್ಮನ ಕೇಡಿನ ದಿನವನ್ನು ನೋಡುತ್ತಾ ನಿಲ್ಲಬಾರದಾಗಿತ್ತು, ಹಿಗ್ಗಬಾರದಾಗಿತ್ತು, ಜಂಬದ ಮಾತಾಡಬಾರದಾಗಿತ್ತು, ಊರಬಾಗಿಲನ್ನು ಹೊಗಬಾರದಾಗಿತ್ತು, ಅವನ ದುರವಸ್ಥೆಯನ್ನು ಕಣ್ತುಂಬ ನೋಡಬಾರದಾಗಿತ್ತು, ಆಸ್ತಿಗೆ ಕೈಹಾಕಬಾರದಾಗಿತ್ತು, ತಪ್ಪಿಸಿಕೊಂಡು ಓಡುವವರನ್ನು ಕಡಿಯಲು ದಾರಿ ಕೂಡುವಲ್ಲಿ ನಿಲ್ಲಬಾರದಾಗಿತ್ತು, ಉಳಿದವರನ್ನು ಹಿಡಿದೊಪ್ಪಿಸಬಾರದಾಗಿತ್ತು. ಈ ಕ್ರಮವನ್ನು ಗಮನಿಸಿ. ನೋಟ ಮೊದಲು, ಆಮೇಲೆ ಒಳಗೊಳಗಿನ ಸಂತೋಷ, ಆಮೇಲೆ ಬಾಯಿಮಾತು, ಆಮೇಲೆ ಕಾಲು ಒಳಗೆ, ಆಮೇಲೆ ಕೈ ಆಸ್ತಿಯ ಮೇಲೆ, ಕೊನೆಗೆ ರಕ್ತ. ದೂರ ನಿಂತು ನೋಡಿದವನು ಕವಲುದಾರಿಯಲ್ಲಿ ಕತ್ತಿಹಿಡಿದು ನಿಂತವನಾಗುವವರೆಗೆ ಎಲ್ಲಿಯೂ ಒಂದು ದೊಡ್ಡ ಜಿಗಿತವಿಲ್ಲ. ಇಡೀ ಸತ್ಯವೇದದಲ್ಲಿ ಪಾಪವು ಹೆಜ್ಜೆಹೆಜ್ಜೆಯಾಗಿ ಬೆಳೆಯುವುದನ್ನು ಇಷ್ಟು ಚಿಕ್ಕದಾಗಿ, ಇಷ್ಟು ಖಚಿತವಾಗಿ ತೋರಿಸುವ ಇನ್ನೊಂದು ಭಾಗವನ್ನು ನಾನು ಕಾಣೆ.

ಇದು ಕೇವಲ ಕವಿಯ ಕಲ್ಪನೆಯೇ ಎಂದು ಕೇಳುವವರಿಗೆ ಒಂದು ಮಡಕೆಚೂರನ್ನು ತೋರಿಸಬೇಕು. ಯೆಹೂದದ ದಕ್ಷಿಣದ ಗಡಿಯಲ್ಲಿದ್ದ ಅರಾದ್ ಕೋಟೆಯನ್ನು 1960ರ ದಶಕದಲ್ಲಿ ಯೋಹಾನಾನ್ ಅಹರೋನಿಯವರ ತಂಡವು ಅಗೆದಾಗ, ಮಡಕೆಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಸಿಕ್ಕವು. ಯೆರೂಸಲೇಮಿನ ಕಡೆಯ ದಿನಗಳವು. ಅವುಗಳಲ್ಲಿ ಒಂದು, ಅರಾದ್ ಮತ್ತು ಕೀನಾದಿಂದ ರಾಮತ್‌ನೆಗೆಬಿಗೆ ಕೂಡಲೇ ಆಳುಗಳನ್ನು ಕಳುಹಿಸಬೇಕೆಂಬ ಆಜ್ಞೆ. ಇದು ಅರಸನ ಮಾತು, ನಿಮ್ಮ ಪ್ರಾಣದ ಮೇಲಿದೆ ಎಂಬ ಎಚ್ಚರಿಕೆಯೊಂದಿಗೆ, ಎದೋಮ್ಯರು ಅಲ್ಲಿಗೆ ಬಂದುಬಿಟ್ಟಾರು ಎಂಬ ಕಾರಣವನ್ನೂ ಅದರಲ್ಲಿ ಬರೆದಿದೆ. ಉತ್ತರದಿಂದ ಬಾಬೆಲಿನ ಸೈನ್ಯದ ಭೀತಿಯಿದ್ದ ಕಾಲದಲ್ಲೇ ದಕ್ಷಿಣದ ಗಡಿಯಲ್ಲಿ ದಾಯಾದಿಯ ಭಯ. ಅದೇ ಸೀಮೆಯ ಹೊರ್ವತ್ ಕಿತ್ಮಿತ್ ಎಂಬಲ್ಲಿ, ಯೆಹೂದದ ನೆಲದೊಳಗೇ, ಅದೇ ಕಾಲದ ಎದೋಮ್ಯ ಮಾದರಿಯ ಪೂಜಾಸ್ಥಳವೊಂದು ಸಿಕ್ಕಿದೆ. ಎದೋಮ್ಯರ ದೇವರಾದ ಕೋಸನ ಹೆಸರು ಅಲ್ಲಿನ ಬರಹಗಳಲ್ಲಿದೆ. ಯೆಹೂದವು ಕುಸಿಯುತ್ತಿದ್ದಾಗ ಎದೋಮ್ಯರು ಪಶ್ಚಿಮಕ್ಕೆ ಸರಿದು ನೆಲ ಹಿಡಿಯುತ್ತಿದ್ದರೆಂಬುದಕ್ಕೆ ಇವು ಸಾಕ್ಷಿಗಳು.

ಹಾಗಿದ್ದರೂ ಎಲ್ಲ ಎದೋಮ್ಯರೂ ಒಂದೇ ರೀತಿ ನಡೆದುಕೊಳ್ಳಲಿಲ್ಲ ಎಂಬುದಕ್ಕೂ ಸತ್ಯವೇದದಲ್ಲೇ ಸುಳಿವಿದೆ, ಪ್ರಸಂಗಗಳಲ್ಲಿ ಅದರ ಪ್ರಸ್ತಾಪ ಬರುವುದು ಅಪರೂಪ. ಯೆರೆಮೀಯನ 40ನೆಯ ಅಧ್ಯಾಯದ 11 ಮತ್ತು 12ನೆಯ ವಚನಗಳ ಪ್ರಕಾರ ಮೋವಾಬ್, ಅಮ್ಮೋನ್ ಮತ್ತು ಎದೋಮಿನಲ್ಲಿ ಯೆಹೂದ್ಯರು ಆಶ್ರಯ ಪಡೆದಿದ್ದರು. ಬಾಬೆಲಿನವರ ನೇಮಕದಿಂದ ಗೆದಲ್ಯನು ಯೆಹೂದಕ್ಕೆ ಅಧಿಪತಿಯಾದನೆಂಬ ಸುದ್ದಿ ತಿಳಿದ ಮೇಲೆ ಹಿಂದಿರುಗಿ ಬಂದು ದ್ರಾಕ್ಷಿಯನ್ನೂ ಹಣ್ಣುಗಳನ್ನೂ ಹೇರಳವಾಗಿ ಕೂಡಿಸಿದರು. ಕವಲುದಾರಿಯಲ್ಲಿ ಕತ್ತಿಹಿಡಿದು ನಿಂತ ಎದೋಮ್ಯರಿದ್ದ ಹಾಗೆಯೇ, ಓಡಿಬಂದವರಿಗೆ ಮನೆಯ ಬಾಗಿಲು ತೆರೆದ ಎದೋಮ್ಯರೂ ಇದ್ದರೆಂದಾಯಿತು. ಒಂದು ಜನಾಂಗದ ಮೇಲಿನ ತೀರ್ಪನ್ನು ಓದುವಾಗ ಈ ಎರಡು ವಚನಗಳು ನಮ್ಮ ನೆನಪಿನಲ್ಲಿರಬೇಕು.

ಇನ್ನು ನಿಮ್ಮ ಯುವಕರು ಕೇಳಿದ ಪ್ರಶ್ನೆ: ಪ್ರವಾದನೆ ನೆರವೇರಿತೇ? ನೆರವೇರಿತು, ಆದರೆ ಒಂದೇ ರಾತ್ರಿಯಲ್ಲಿ ಅಲ್ಲ. ಬಾಬೆಲಿನ ಕೊನೆಯ ಅರಸನಾದ ನೆಬೊನೈಡಸ್ (ಕ್ರಿ.ಪೂ. 556-539) ಅರೇಬಿಯದ ಕಡೆಗೆ ದಂಡೆತ್ತಿ ಹೋದಾಗ ಈ ಸೀಮೆಯನ್ನು ಹಾದುಹೋದನು, ಸೆಲ ಎಂಬ ಬಂಡೆಕೋಟೆಯ ಕಡಿದಾದ ಗೋಡೆಯ ಮೇಲೆ ಅವನು ಕೆತ್ತಿಸಿದ ಶಿಲಾಚಿತ್ರ ಸವೆದುಹೋದ ಸ್ಥಿತಿಯಲ್ಲಿ ಇಂದಿಗೂ ಇದೆ. ಸಂಚು ಹೂಡಿದ ಮಿತ್ರರೇ ನಿನ್ನನ್ನು ಗಡಿಯವರೆಗೆ ಅಟ್ಟುವರು ಎಂಬ ಏಳನೆಯ ವಚನವನ್ನು ಇದರ ಪಕ್ಕದಲ್ಲಿಟ್ಟು ಓದಬಹುದು: ಯಾವ ಬಾಬೆಲಿನ ಜಯಕ್ಕೆ ಎದೋಮ್ ಕೇಕೆಹಾಕಿತ್ತೋ ಅದೇ ಬಾಬೆಲ್ ಒಂದು ತಲೆಮಾರು ಕಳೆಯುವುದರೊಳಗೆ ಅದರ ಬಂಡೆಯ ಮೇಲೆ ತನ್ನ ಅರಸನ ರೂಪವನ್ನು ಕೆತ್ತಿತು. ಪ್ರವಾದಿಯಾದ ಮಲಾಕಿಯನ ಕಾಲಕ್ಕೆ ಸೇಯೀರಿನ ಬೆಟ್ಟಗಳು ಹಾಳುಬಿದ್ದಿದ್ದವು. ಕ್ರಿ.ಪೂ. 312ರಲ್ಲಿ ಗ್ರೀಕ್ ಸೇನಾಪತಿ ಅಂಟಿಗೋನಸನ ದಂಡು ಅಲ್ಲಿಗೆ ಬಂದಾಗ ಎದುರಾದವರು ನಬಾತಿಯರೆಂಬ ಅರಬ್ಬರು. ಎದೋಮ್ಯರಲ್ಲಿ ಬಹುಮಂದಿ ಅಷ್ಟರೊಳಗೆ ಹೆಬ್ರೋನಿನ ಸುತ್ತಲಿನ ದಕ್ಷಿಣ ಯೆಹೂದದಲ್ಲಿ ನೆಲೆಸಿದ್ದರು. ಆ ಸೀಮೆಗೇ ಇದೂಮಾಯ ಎಂದು ಹೆಸರಾಯಿತು. ಅಲ್ಲಿ ದೊರೆತ ಕ್ರಿ.ಪೂ. 4ನೇ ಶತಮಾನದ ಅರಾಮಿಕ್ ಲೆಕ್ಕಪತ್ರದ ಮಡಕೆಚೂರುಗಳಲ್ಲಿ ಕೋಸನ ಹೆಸರನ್ನು ಹೊತ್ತವರೂ ಯೆಹೋವನ ಹೆಸರನ್ನು ಹೊತ್ತವರೂ ಒಂದೇ ಊರಿನ ರೈತರಂತೆ ಅಕ್ಕಪಕ್ಕದಲ್ಲಿ ಕಾಣಿಸುತ್ತಾರೆ. ಕ್ರಿ.ಪೂ. 2ನೇ ಶತಮಾನದ ಕೊನೆಯ ದಶಕಗಳಲ್ಲಿ ಯೆಹೂದ್ಯರ ಮಹಾಯಾಜಕನೂ ಅಧಿಪತಿಯೂ ಆದ ಯೋಹಾನ ಹಿರ್ಕಾನಸನು ಅವರನ್ನು ಗೆದ್ದು, ಸುನ್ನತಿ ಮಾಡಿಸಿಕೊಂಡು ಯೆಹೂದ್ಯರ ನಿಯಮಗಳನ್ನು ಪಾಲಿಸುವುದಾದರೆ ಮಾತ್ರ ನೆಲದಲ್ಲಿ ಉಳಿಯಬಹುದೆಂದು ಆಜ್ಞಾಪಿಸಿದನೆಂದು ಚರಿತ್ರೆಕಾರ ಜೋಸೆಫಸ್ ಬರೆಯುತ್ತಾನೆ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮನ್ನು ನಾಶಮಾಡಿದ ಯುದ್ಧದ ನಂತರ ಒಂದು ಪ್ರತ್ಯೇಕ ಜನಾಂಗವಾಗಿ ಅವರ ಸುದ್ದಿ ಇಲ್ಲ.

ಹಿರ್ಕಾನಸನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಯಾಕೋಬನ ಮನೆತನವು ಏಸಾವನ ಬೆಟ್ಟವನ್ನು ವಶಮಾಡಿಕೊಳ್ಳುವುದೆಂಬ ಓಬದ್ಯನ ಮಾತು ಅವನ ಕತ್ತಿಯಿಂದ ನೆರವೇರಿತೆಂದು ಹೆಮ್ಮೆಯಿಂದ ಬೋಧಿಸುವವರಿದ್ದಾರೆ. ಬಲವಂತದಿಂದ ಧರ್ಮಕ್ಕೆ ಸೇರಿಸುವುದನ್ನು ದೇವರ ವಾಗ್ದಾನದ ನೆರವೇರಿಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಪುಸ್ತಕದ ಕಡೆಯ ಮಾತು ‘ರಾಜ್ಯವು ಯೆಹೋವನದಾಗುವುದು’ ಎಂಬುದು. ಅದು ಯಾವ ಅರಸನ ದಿಗ್ವಿಜಯದ ಶಾಸನವೂ ಅಲ್ಲ. ಅಲ್ಲದೆ ಆ ಬಲವಂತದ ಫಲವೇನಾಯಿತೆಂದು ನೋಡಿ: ಹಾಗೆ ಸೇರಿಸಲ್ಪಟ್ಟ ಇದೂಮಾಯದವರ ಒಂದು ಮನೆತನದಿಂದಲೇ, ಬೆತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸಿದನೆಂದು ಮತ್ತಾಯನು ಹೇಳುವ ಹೆರೋದನು ಬಂದನು.

ಪ್ರಸಂಗಗಳಲ್ಲಿ ಎದೋಮಿನ ನಾಶವನ್ನು ತೋರಿಸಲು ಅದೇ ಸೀಮೆಯ ಪೆಟ್ರಾ ಪಟ್ಟಣದ ಚಿತ್ರಗಳನ್ನು ಬಳಸುವುದು ವಾಡಿಕೆಯಾಗಿದೆ; ಇಲ್ಲೊಂದು ತಿದ್ದುಪಡಿ ಬೇಕು. ಕೆಂಪು ಬಂಡೆಯಲ್ಲಿ ಕೊರೆದ ಆ ಭವ್ಯ ಮುಖಮಂಟಪಗಳು ಎದೋಮ್ಯರವಲ್ಲ, ಅವರ ನಂತರ ಬಂದ ನಬಾತಿಯರವು, ಬಹುಪಾಲು ಕ್ರಿಸ್ತನ ಕಾಲದ ಆಸುಪಾಸಿನವು. ನಿಜವಾದ ಎದೋಮ್ಯರ ಮನೆಗಳನ್ನು ನೋಡಬೇಕಾದರೆ ಪೆಟ್ರಾದ ಮೇಲೆ ಎದ್ದುನಿಂತಿರುವ ಉಮ್ಮ್ ಅಲ್-ಬಿಯಾರಾ ಎಂಬ ಬೆಟ್ಟವನ್ನು ಕಡಿದಾದ ದಾರಿಯಲ್ಲಿ ಹತ್ತಬೇಕು. 1960ರ ದಶಕದಲ್ಲಿ ಕ್ರಿಸ್ಟಲ್ ಬೆನೆಟ್ ಅವರು ಅಲ್ಲಿ ಅಗೆದಾಗ ಸಿಕ್ಕಿದ್ದು ಕಾಡುಗಲ್ಲಿನ ಸಣ್ಣ ಕೋಣೆಗಳು, ದಿನಸಿ ತುಂಬುವ ಗುಡಾಣಗಳು, ಮಗ್ಗದ ಎಳೆಗಳಿಗೆ ತೂಗುಬಿಡುವ ಗುಂಡುಗಳು, ಮತ್ತು ಎದೋಮಿನ ಅರಸನಾದ ಕೋಸ್‌ಗಬ್ರನ ಮುದ್ರೆಯೊತ್ತಿದ ಮಣ್ಣಿನ ತುಣುಕು. ಈ ಅರಸನ ಹೆಸರು ಕ್ರಿ.ಪೂ. 7ನೇ ಶತಮಾನದ ಅಶ್ಶೂರದ (ಅಸ್ಸೀರಿಯದ) ದಾಖಲೆಗಳಲ್ಲೂ ಬರುತ್ತದೆ. ಅವನು ಅಶ್ಶೂರಕ್ಕೆ ಕಪ್ಪಕೊಡುತ್ತಿದ್ದ ಸಾಮಂತ. ‘ಬಂಡೆಯ ಬಿರುಕುಗಳಲ್ಲಿ ವಾಸಿಸುವವನೇ, ನನ್ನನ್ನು ನೆಲಕ್ಕೆ ಇಳಿಸುವವರು ಯಾರೆಂದುಕೊಳ್ಳುವವನೇ, ನಿನ್ನ ಹೃದಯದ ಗರ್ವವು ನಿನ್ನನ್ನು ಮೋಸಗೊಳಿಸಿದೆ’ ಎಂಬ ಮೂರನೆಯ ವಚನದ ಹಿಂದೆ ಇರುವುದು ಮಹಾಸಾಮ್ರಾಜ್ಯದ ಅಹಂಕಾರವಲ್ಲ. ನೀರಿನ ತೊಟ್ಟಿ, ಕಾಳಿನ ಗುಡಾಣ, ಸುತ್ತ ಕಡಿದಾದ ಬಂಡೆ ಇಷ್ಟೇ ಇದ್ದ ಒಂದು ಸಣ್ಣ ರಾಜ್ಯವು ತಾನು ಸುರಕ್ಷಿತವಾಗಿದ್ದೇನೆಂದು ನಂಬಿ, ಕೆಳಗಿನವರಿಗೆ ಆದದ್ದು ತನಗೆ ಆಗದೆಂದುಕೊಂಡದ್ದು. ಗರ್ವ ಪಡಲು ದೊಡ್ಡವರಾಗಿರಬೇಕಿಲ್ಲ, ಸ್ವಲ್ಪ ಎತ್ತರದಲ್ಲಿದ್ದರೆ ಸಾಕು.

ಯೆಶಾಯನ 34ನೆಯ ಅಧ್ಯಾಯವು ಎದೋಮಿನಲ್ಲಿ ಯಾರೂ ಎಂದೆಂದಿಗೂ ಹಾದುಹೋಗರು ಎನ್ನುತ್ತದೆ. ಇಂದು ಅಲ್ಲಿ ಊರುಗಳಿವೆ, ರಸ್ತೆಗಳಿವೆ, ಪ್ರವಾಸಿಗಳ ಸಾಲಿದೆ. ಹಾಗಾದರೆ ನೆರವೇರಿಕೆ ಬಾಕಿಯಿದೆ ಎನ್ನಬೇಕೇ? ಅದೇ ಅಧ್ಯಾಯವು ಅಲ್ಲಿನ ಹೊಳೆಗಳು ರಾಳವಾಗುವವು, ಧೂಳು ಗಂಧಕವಾಗುವುದು ಎಂದೂ ಹೇಳುತ್ತದೆ. ಇದು ಸೊದೋಮನ್ನು ನೆನಪಿಸುವ ತೀರ್ಪಿನ ಕಾವ್ಯಭಾಷೆ, ಭೂಗೋಳದ ವರದಿಯಲ್ಲ. ಪೆಟ್ರಾವನ್ನು 1812ರಲ್ಲಿ ಬುರ್ಖಾರ್ಟ್ ಎಂಬ ಪ್ರವಾಸಿ ಕಂಡು ಬರೆದ ಮೇಲೆ ಯೂರೋಪಿನ ಎಷ್ಟೋ ಭಕ್ತರು ಅಲ್ಲಿನ ಒಂದೊಂದು ಮುಳ್ಳುಗಿಡಕ್ಕೂ ಒಂದೊಂದು ವಚನವನ್ನು ಹೊಂದಿಸಹೊರಟರು. ಅಂಥ ಹೊಂದಿಕೆಯ ಮೇಲೆ ನಂಬಿಕೆಯನ್ನು ಕಟ್ಟಿದರೆ ಒಬ್ಬ ದಾರಿಹೋಕನು ಆ ಕಣಿವೆಯನ್ನು ದಾಟಿದೊಡನೆ ಅದು ಅಲುಗಾಡುತ್ತದೆ. ದೇವರ ಮಾತಿಗೆ ಅಷ್ಟು ದುರ್ಬಲವಾದ ಊರುಗೋಲು ಬೇಕಾಗಿಲ್ಲ.

ಎದೋಮನ್ನು ತಮ್ಮ ಕಾಲದ ಶತ್ರುವಿಗೆ ಅಂಟಿಸುವ ಅಭ್ಯಾಸ ಹೊಸದಲ್ಲ ಎಂಬುದನ್ನು ನಿಮ್ಮ ಯುವಕರಿಗೆ ಪ್ರೀತಿಯಿಂದಲೇ ತಿಳಿಸಿ. ಯೆರೂಸಲೇಮಿನ ದೇವಾಲಯವನ್ನು ಎರಡನೆಯ ಸಲ ಸುಟ್ಟದ್ದು ರೋಮ್ ಆದದ್ದರಿಂದ ಯೆಹೂದ್ಯ ರಬ್ಬಿಗಳು ರೋಮಿಗೆ ಎದೋಮ್ ಎಂದು ಹೆಸರಿಟ್ಟರು. ರೋಮಿನ ಸಾಮ್ರಾಜ್ಯವು ಕ್ರೈಸ್ತವಾದ ಮೇಲೆ ಆ ಹೆಸರು ಕ್ರೈಸ್ತ ಲೋಕಕ್ಕೇ ನಿಂತಿತು. ಮಧ್ಯಯುಗದಲ್ಲಿ ಕ್ರೈಸ್ತ ಅರಸರಿಂದ ಗಡೀಪಾರಾಗಿ, ಆಸ್ತಿ ಕಳೆದುಕೊಂಡು, ಗುಂಪುದಾಳಿಗೆ ಸಿಕ್ಕಿ ನರಳಿದ ಯೆಹೂದ್ಯರು ಓಬದ್ಯನನ್ನು ಓದುವಾಗ ಎದೋಮ್ ಎಂದರೆ ಅವರಿಗೆ ಕಂಡದ್ದು ಕ್ರಿಸ್ತನ ಹೆಸರನ್ನು ಹೊತ್ತ ಜನ. ಹನ್ನೊಂದನೆಯ ವಚನವನ್ನು ಹಿಡಿದು ಆ ಶತಮಾನಗಳ ಸಭೆಯ ಚರಿತ್ರೆಯನ್ನು ಓದಿದರೆ ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಇಂದು ಕೆಲವರು ಒಂದು ದೇಶವನ್ನು, ಕೆಲವರು ಒಂದು ಧರ್ಮದವರನ್ನು, ಇನ್ನು ಕೆಲವರು ಒಂದು ಬಣ್ಣದವರನ್ನು ಎದೋಮ್ ಎಂದು ತೋರಿಸುತ್ತಾರೆ. ಹಾಗೆ ತೋರಿಸುವ ಬೆರಳುಗಳಲ್ಲಿ ಒಂದಕ್ಕೂ ಸತ್ಯವೇದದಲ್ಲಿ ಆಧಾರವಿಲ್ಲ. ಅವರು ನಾಶವಾಗುವುದು ಮೊದಲೇ ಬರೆದಿಟ್ಟಿದೆ ಎಂದು ನಂಬಿದವನು ಅವರ ಮನೆಗೆ ಬೆಂಕಿ ಬಿದ್ದಾಗ ದೂರದಲ್ಲಿ ನಿಂತು ನೋಡುತ್ತಾನೆ. ಆಗ ಅವನು ನಿಂತಿರುವ ಜಾಗವೇ ಎದೋಮ್ಯನು ನಿಂತಿದ್ದ ಜಾಗ.

ದೇವರು ಒಂದು ಜನಾಂಗವನ್ನು ದ್ವೇಷಿಸುತ್ತಾನೆಯೇ ಎಂಬ ಪ್ರಶ್ನೆಗೆ ಬರುತ್ತೇನೆ. ಸೆರೆಯಿಂದ ಹಿಂದಿರುಗಿ ಬಡತನದಲ್ಲಿ ಬೇಸತ್ತು, ‘ನೀನು ನಮ್ಮನ್ನು ಪ್ರೀತಿಸಿದ್ದು ಯಾವುದರಲ್ಲಿ?’ ಎಂದು ಕೇಳುತ್ತಿದ್ದ ಯೆಹೂದ್ಯರಿಗೆ ಮಲಾಕಿಯನು ಕೊಟ್ಟ ಉತ್ತರ ‘ಏಸಾವನನ್ನು ದ್ವೇಷಿಸಿದೆನು’ ಎಂಬ ಆ ವಚನ. ಒಡಂಬಡಿಕೆಗಾಗಿ ದೇವರು ಯಾಕೋಬನನ್ನು ಆರಿಸಿಕೊಂಡನು, ಏಸಾವನನ್ನು ಅದಕ್ಕೆ ಆರಿಸಿಕೊಳ್ಳಲಿಲ್ಲ. ಎದೋಮಿನ ದುಷ್ಟತನಕ್ಕೆ ತೀರ್ಪು ಬಂದಿದೆ. ಇದು ಆ ಮಾತಿನ ತಿರುಳು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನೂ ಇದನ್ನು ಆಯ್ಕೆಯ ವಿಷಯದಲ್ಲೇ ಎತ್ತುತ್ತಾನೆ. ಅದರಿಂದ ಎದೋಮ್ಯನೊಬ್ಬನು ದೇವರ ಕರುಣೆಗೆ ಹೊರಗೆಂದು ಹೇಳಲಾಗದು, ಏಕೆಂದರೆ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯವು ಎದೋಮ್ಯನನ್ನು ಅಸಹ್ಯಪಡಬೇಡ, ಅವನು ನಿನ್ನ ಸಹೋದರನು, ಅವನ ಮೂರನೆಯ ತಲೆಯವರು ಯೆಹೋವನ ಸಭೆಗೆ ಸೇರಬಹುದು ಎಂದು ಸ್ಪಷ್ಟವಾಗಿ ಆಜ್ಞಾಪಿಸುತ್ತದೆ. ಆಮೋಸನ ಪುಸ್ತಕದಲ್ಲಿ ಇನ್ನೂ ಆಶ್ಚರ್ಯದ ಮಾತಿದೆ. ಮೊದಲ ಅಧ್ಯಾಯದಲ್ಲಿ, ಸಹೋದರನನ್ನು ಕತ್ತಿಯಿಂದ ಅಟ್ಟಿ ಕೋಪವನ್ನು ಸದಾ ಇಟ್ಟುಕೊಂಡದ್ದಕ್ಕಾಗಿ ಎದೋಮಿಗೆ ದಂಡನೆ. ಎರಡನೆಯ ಅಧ್ಯಾಯದ ಮೊದಲ ವಚನದಲ್ಲೇ, ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣಮಾಡಿದ್ದಕ್ಕಾಗಿ ಮೋವಾಬಿಗೆ ದಂಡನೆ. ತಪ್ಪುಮಾಡಿದ ಎದೋಮಿಗೆ ಶಿಕ್ಷೆ ಕೊಡುವ ದೇವರೇ, ಸತ್ತ ಎದೋಮ್ಯ ಅರಸನ ಅಸ್ಥಿಗೆ ಆದ ಅವಮಾನವನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ದ್ವೇಷಿಸುವವನು ಹಾಗೆ ಮಾಡುವುದಿಲ್ಲ.

ಅದೇ ಆಮೋಸನು ಕೊನೆಯ ಅಧ್ಯಾಯದಲ್ಲಿ, ಬಿದ್ದುಹೋದ ದಾವೀದನ ಗುಡಾರವು ಎದ್ದಾಗ ಎದೋಮಿನಲ್ಲಿ ಉಳಿದವರೂ ದೇವರ ಹೆಸರನ್ನು ಧರಿಸಿದ ಸಕಲ ಜನಾಂಗಗಳೂ ಅದರೊಳಗೆ ಬರುವುದನ್ನು ಕಾಣುತ್ತಾನೆ. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ, ಅನ್ಯಜನರನ್ನು ಸುನ್ನತಿಯಿಲ್ಲದೆ ಸೇರಿಸಿಕೊಳ್ಳಬಹುದೇ ಎಂಬ ಚರ್ಚೆ ಬಂದಾಗ, ಯೆರೂಸಲೇಮ್ ಸಭೆಯ ಹಿರಿಯನಾದ ಯಾಕೋಬನು ಗ್ರೀಕ್ ಭಾಷೆಯ ಪಾಠದಂತೆ ‘ಉಳಿದ ಮನುಷ್ಯರೆಲ್ಲರೂ’ ಎಂದು ಎತ್ತಿ ಹೇಳಿದ್ದು ಇದೇ ವಚನವನ್ನು. ಹಿರ್ಕಾನಸನು ಸುನ್ನತಿಯ ಬಲವಂತದಿಂದ ಮಾಡಹೊರಟದ್ದನ್ನು ಸುವಾರ್ತೆಯು ಬಲವಂತವಿಲ್ಲದೆ ಮಾಡಿತು. ಕನ್ನಡದ ಕ್ರೈಸ್ತರಾದ ನಾವು ಸಭೆಯೊಳಗೆ ನಿಂತಿರುವುದು ಎದೋಮಿಗೆ ಬಾಗಿಲು ತೆರೆದ ಆ ವಚನದ ಬಲದಿಂದಲೇ ಎಂಬುದನ್ನು ಮರೆತು ಎದೋಮಿನ ನಾಶಕ್ಕೆ ಹಿಗ್ಗುವುದು ಹೇಗೆ ಸರಿಯಾದೀತು? ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸುವಿನ ಬಳಿಗೆ ಬಂದ ಜನಸಮೂಹದಲ್ಲಿ ಇದೂಮಾಯದವರೂ ಇದ್ದರು. ಇದೂಮಾಯದ ಅರಮನೆಯ ಮಗನು ಆತನನ್ನು ಕೊಲ್ಲಲು ಹುಡುಕಿಸಿದ್ದರೆ, ಇದೂಮಾಯದ ಸಾಮಾನ್ಯ ಜನರು ಆತನ ಮಾತು ಕೇಳಲು ಗಲಿಲಾಯದವರೆಗೆ ನಡೆದುಬಂದರು. ಮುಂದೆ 4ನೇ ಶತಮಾನದ ಆರಂಭದ ಹಿಂಸೆಯಲ್ಲಿ ರೋಮಿನ ಅಧಿಕಾರಿಗಳು ಅನೇಕ ಕ್ರೈಸ್ತರನ್ನು ಫೈನಾನಿನ ತಾಮ್ರದ ಗಣಿಗಳಿಗೆ ದೂಡಿದರೆಂದೂ ಗಾಜದ ಬಿಷಪ್ ಸಿಲ್ವಾನಸ್ ಅಲ್ಲಿ ಪ್ರಾಣಕೊಟ್ಟನೆಂದೂ ಸಭಾಚರಿತ್ರೆಕಾರ ಯುಸೇಬಿಯಸ್ ಬರೆದಿದ್ದಾನೆ. ಪೆಟ್ರಾದಲ್ಲಿ ಬಿಷಪ್ಪರಿದ್ದರು, ದೊಡ್ಡ ದೇವಾಲಯವಿತ್ತು. 6ನೇ ಶತಮಾನದ ಪಪೈರಸ್ ಸುರುಳಿಗಳು ಕರಕಲಾದ ಸ್ಥಿತಿಯಲ್ಲಿ 1993ರಲ್ಲಿ ಅದರ ಅವಶೇಷಗಳೊಳಗೆ ಸಿಕ್ಕವು. ಏಸಾವನ ಬೆಟ್ಟದ ಮೇಲೂ ಕ್ರಿಸ್ತನ ಹೆಸರಿನಲ್ಲಿ ಪ್ರಾರ್ಥನೆ ನಡೆಯಿತು.

ಹಾಗಾದರೆ ನಮಗೇನು ಪಾಠ? ಗರ್ವದ ವಿಷಯವನ್ನು ಮೇಲೆ ಹೇಳಿದೆ. ಅದಕ್ಕಿಂತ ನನ್ನನ್ನು ಹೆಚ್ಚಾಗಿ ಕಾಡುವುದು ದೂರದಲ್ಲಿ ನಿಲ್ಲುವ ಪಾಪ. ಒಂದು ಊರಿನಲ್ಲಿ ಚಿಕ್ಕದೊಂದು ಪ್ರಾರ್ಥನಾ ಕೂಟಕ್ಕೆ ಅಡ್ಡಿಯಾದಾಗ, ‘ಅವರು ನಮ್ಮ ಪಂಗಡದವರಲ್ಲ, ತಾವೇ ತಂದುಕೊಂಡದ್ದು’ ಎಂದು ದೊಡ್ಡ ಸಭೆಯವರು ಹೇಳುವುದು ದೂರದಲ್ಲಿ ನಿಲ್ಲುವುದೇ. ಇನ್ನೊಂದು ಸಭೆಯ ಪಾಲಕರು ಎಡವಿದ ಸುದ್ದಿಯನ್ನು ಮರುಕದ ದನಿಯಲ್ಲಿ ನಾಲ್ಕು ಗುಂಪುಗಳಿಗೆ ವಾಟ್ಸಾಪ್ ಮಾಡುವುದು ಕೇಡಿನ ದಿನವನ್ನು ಕಣ್ತುಂಬ ನೋಡುವುದೇ. ಅಣ್ಣನು ಸಾಲದಲ್ಲಿ ಮುಳುಗಿರುವ ಸಮಯ ನೋಡಿ ಅವನ ಪಾಲಿನ ಜಮೀನನ್ನು ಅಗ್ಗಕ್ಕೆ ಬರೆಸಿಕೊಂಡು, ಭಾನುವಾರ ದೇವರ ಆಶೀರ್ವಾದಕ್ಕಾಗಿ ಕೃತಜ್ಞತಾಕಾಣಿಕೆ ಸಲ್ಲಿಸುವವನು ಆಪತ್ಕಾಲದಲ್ಲಿ ಆಸ್ತಿಗೆ ಕೈಹಾಕಿದವನೇ. ಸಹೋದರ ಎಂದರೆ ಕ್ರೈಸ್ತ ಸಹೋದರ ಮಾತ್ರವೆಂದು ತಿಳಿದರೂ ತಪ್ಪಾದೀತು; ಓಬದ್ಯನು ಸಹೋದರ ಎಂದದ್ದು ಬೇರೆ ದೇವರನ್ನು ಪೂಜಿಸುತ್ತಿದ್ದ ಜನಾಂಗದ ಸಂಬಂಧದಲ್ಲಿ. ನೆರೆಮನೆಯವರ ಮೇಲೆ, ಅವರ ಧರ್ಮ ಯಾವುದೇ ಇರಲಿ, ಗುಂಪು ಬಂದಾಗ ಓಡಿಬಂದವರಿಗೆ ನಮ್ಮ ಬಾಗಿಲು ತೆರೆಯುತ್ತದೆಯೇ, ಅಥವಾ ಅವರು ಹೋದ ದಾರಿಯನ್ನು ನಾವು ಬೆರಳುಮಾಡಿ ತೋರಿಸುತ್ತೇವೆಯೇ? ಹಳೆಯ ಗಾಯವನ್ನು ಕಾರಣವಾಗಿ ಕೊಡಬಹುದು. ಎದೋಮ್ಯರ ಬಳಿಯೂ ಅದಿತ್ತು.

ಮುಂದಿನ ಅಧ್ಯಯನಕ್ಕೆ ಒಂದು ಸಲಹೆ. ಓಬದ್ಯನನ್ನು ತೆರೆಯುವ ಮೊದಲು ಆದಿಕಾಂಡ 33ನ್ನೂ ಪೂರ್ವಕಾಲವೃತ್ತಾಂತದ ಎರಡನೆಯ ಭಾಗದ 25ನೆಯ ಅಧ್ಯಾಯವನ್ನೂ ಓದಿಸಿ. ಓಬದ್ಯನನ್ನು ಮುಗಿಸಿದ ಮೇಲೆ ಯೆರೆಮೀಯನ 40ನೆಯ ಅಧ್ಯಾಯದ ಆ ಎರಡು ವಚನಗಳಿಗೂ ಆಮೋಸನ ಕೊನೆಯ ಅಧ್ಯಾಯಕ್ಕೂ ಹೋಗಿ. ಆ ಯುವಕರನ್ನು ವಾದದಲ್ಲಿ ಸೋಲಿಸಬೇಕಾಗಿಲ್ಲ. ಅವರಿಗೆ ಪ್ರವಾದನೆಯ ಮೇಲೆ ಆಸಕ್ತಿಯಿರುವುದು ಒಳ್ಳೆಯ ಲಕ್ಷಣ, ಅದನ್ನು ತಣ್ಣಗಾಗಿಸಬೇಡಿ. 12ರಿಂದ 14ರವರೆಗಿನ ವಚನಗಳನ್ನು ಅವರಿಂದಲೇ ಓದಿಸಿ, ಎದೋಮ್ ಯಾವ ದೇಶ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಈ ಎಂಟು ಮಾತುಗಳಲ್ಲಿ ಯಾವುದು ನಮ್ಮ ಊರಿನಲ್ಲಿ ಇತ್ತೀಚೆಗೆ ನಡೆದಿದೆ ಎಂದು ಎಲ್ಲರನ್ನೂ ಕೇಳಿ. ಉತ್ತರಗಳು ಬರಲು ಸ್ವಲ್ಪ ಹೊತ್ತು ಹಿಡಿಯಬಹುದು, ಆದ್ದರಿಂದ ಆ ದಿನ ಬೇರೆ ಭಾಗವನ್ನು ಇಟ್ಟುಕೊಳ್ಳಬೇಡಿ.